ಗಣಕಕ್ಕೆ ಯಾವ ಊರು ಹತ್ತಿರ?

ಪ್ರೋಗ್ರಾಂ ಬರೆಯದೆ, ಮೆನುವಿನಿಂದಲೇ ಸಾವಿರಾರು ಸಾಲುಗಳ ವ್ಯಾಪಾರದ ದತ್ತಾಂಶವನ್ನು ವಿಶ್ಲೇಷಣೆಗೆ ಸಿದ್ಧಪಡಿಸುವ ತಂತ್ರಾಂಶಗಳಿವೆ. 2010ರಲ್ಲಿ ಗ್ರಿಡ್‌ವರ್ಕ್ಸ್ ಎಂಬ ಹೆಸರಿನಲ್ಲಿ ಹುಟ್ಟಿದ, ಉಚಿತವಾಗಿ ದೊರೆಯುವ ಓಪನ್‌ರಿಫೈನ್ ಅಂಥದೊಂದು. ಇಂಗ್ಲಿಷಿನ ದೊಡ್ಡಕ್ಷರ, ಚಿಕ್ಕಕ್ಷರಗಳಿಂದಾಗಿ ಹಲವು ರೂಪ ತಳೆದ ‘ಯಾದಗಿರಿ’ಗಳನ್ನು ಅದು ಕ್ಷಣದಲ್ಲಿ ಗುಂಪುಗೂಡಿಸುತ್ತದೆ. ಇದು ಮೆಚ್ಚತಕ್ಕದ್ದೇ.

ಆದರೆ ಇದನ್ನು ಗಮನಿಸಿ. ಯಾದಗಿರಿ ಜಿಲ್ಲೆಯ ಸುರಪುರವು 2011ರ ಜನಗಣತಿಯಲ್ಲಿ ‘ಶೋರಾಪುರ’. ಹತ್ತಿ ವ್ಯಾಪಾರಿಯ ಇಂಗ್ಲಿಷ್ ಲೆಕ್ಕಪಟ್ಟಿಯಲ್ಲಿ ಎರಡೂ ರೂಪಗಳು ಇರಬಹುದು. ತಂತ್ರಾಂಶದ ಒಂದು ವಿಧಾನವು, ಒಂದು ಹೆಸರನ್ನು ಇನ್ನೊಂದಾಗಿಸಲು ಎಷ್ಟು ಅಕ್ಷರ ಬದಲಾಗಬೇಕೆಂದು ಎಣಿಸುತ್ತದೆ. ನೀವೂ ಎಣಿಸಿ: ಎಸ್-ಎಚ್-ಒ-ಆರ್-ಎ-ಪಿ-ಯು-ಆರ್ ಎಂಬುದನ್ನು ಎಸ್-ಯು-ಆರ್-ಪಿ-ಯು-ಆರ್ ಮಾಡಲು 3 ಬದಲಾವಣೆ ಬೇಕು. ಎಸ್-ಎಚ್-ಎ-ಎಚ್-ಎ-ಪಿ-ಯು-ಆರ್, ಅಂದರೆ ಶಹಾಪುರ ಮಾಡಲು 2 ಸಾಕು!

ಒಂದೇ ಊರಿನ ಎರಡು ಹೆಸರು ದೂರವಾದವು. ಬೇರೆ ಊರು ಹತ್ತಿರವಾಯಿತು. ಮಿತಿ ಸಡಿಲಿಸಿ, ಪಟ್ಟಿ ಓದದೆ ಒಪ್ಪಿಗೆ ಒತ್ತಿದರೆ ಸುರಪುರದ ಮಾರಾಟ ಶಹಾಪುರದ ಲೆಕ್ಕಕ್ಕೆ ಸೇರೀತು. ಮುಂದಿನ ನಕ್ಷೆಗಳು ಎಷ್ಟೇ ಅಂದವಾಗಿದ್ದರೂ ತಪ್ಪೇ.

ತಂತ್ರಾಂಶ ಒಪ್ಪಿಗೆ ಕೇಳುತ್ತದೆ, ನಿಜ. ಉತ್ತರಿಸಬೇಕಾದವರು ಊರು ಬಲ್ಲವರು. ಹೆಸರಿನ ಪಕ್ಕದಲ್ಲಿ ಜನಗಣತಿಯ ಸಂಕೇತ ಸಂಖ್ಯೆ ಬರೆದಿಡುವುದು ಇನ್ನೂ ಕ್ಷೇಮ. ನಿಮ್ಮ ತಾಲೂಕಿನ ಊರುಗಳನ್ನು ತರಗತಿಯಲ್ಲಿ ಹೀಗೆ ಎಣಿಸಿ ನೋಡಿ.