ಹೆಳವರ ವಂಶಾವಳಿಯೂ ಮನೆಯವರ ನೆನಪೂ

ಕೊಡಿಗೇನಹಳ್ಳಿಯ ಕಡೆಯ ಒಕ್ಕಲು ಮನೆಗಳಲ್ಲಿ ಗತಿಸಿದ ಹಿರಿಯರ ವಿಚಾರವಾಗಿ ಕೇಳಿದವರಿಗೆ ಎರಡು ಬಗೆಯ ಉತ್ತರಗಳು ದೊರೆಯುತ್ತವೆ. ಮನೆಯ ಯಜಮಾನನು ತಂದೆ, ತಾತ, ಮುತ್ತಾತ ಎಂದು ಹೆಸರುಗಳನ್ನು ಎಣಿಸಿ, ಅದಕ್ಕೂ ಹಿಂದಿನದನ್ನು ಹೆಳವನು ಬಂದಾಗ ಕೇಳಿರೆಂದು ಹೇಳುವನು. ಒಳಮನೆಯ ಮುದುಕಿಯಾದರೋ ಹೆಸರುಗಳ ಗೋಜಿಗೆ ಹೋಗದೆ, ಇಂಥವಳು ಬಾಣಂತಿತನದಲ್ಲಿ ಹೋದಳು, ಇಂಥವನು ಜಯಮಂಗಲಿಯ ಪ್ರವಾಹದಲ್ಲಿ ಹೋದನು ಎಂದು ತೊಡಗುವಳು. ಮೊದಲನೆಯದನ್ನು ಚರಿತ್ರೆಯೆಂದೂ ಎರಡನೆಯದನ್ನು ಹರಟೆಯೆಂದೂ ಗಣಿಸುವ ರೂಢಿ ವಿದ್ವಾಂಸರಲ್ಲಿಯೂ ಉಂಟು. ಈ ರೂಢಿಯು ಯುಕ್ತವೆ ಎಂಬುದೇ ಇಲ್ಲಿಯ ಪ್ರಶ್ನೆ. ಈಚೆಗೆ ಅನೇಕ ಕುಟುಂಬಗಳವರು ತಮ್ಮ ತಮ್ಮ ವಂಶವೃಕ್ಷಗಳನ್ನು ಪುಸ್ತಕರೂಪವಾಗಿ ಅಚ್ಚು ಹಾಕಿಸುತ್ತಿರುವುದರಿಂದ ಇದು ಬರಿಯ ಶಾಸ್ತ್ರಚರ್ಚೆಯಲ್ಲ.

ಹೆಳವರ ವೃತ್ತಿಯು ವಾಚಕರಿಗೆ ತಿಳಿದುದೇ ಆಗಿದೆ. ಹೆಳವನೆಂದರೆ ಕಾಲಿಲ್ಲದವನು. ಅಂಥ ಒಬ್ಬನಿಗೆ ಬಸವಣ್ಣನವರು ಎತ್ತೊಂದನ್ನು ಕೊಟ್ಟು, ಮನೆಮನೆಯ ವಂಶವನ್ನು ಹೇಳಿ ಬದುಕೆಂದು ಕಳುಹಿಸಿದರೆಂಬುದು ಅವರಲ್ಲಿ ಪ್ರಚಲಿತವಾದ ಐತಿಹ್ಯ. ಎತ್ತಿನ ಮೇಲೆ ಕುಳಿತು, ಕೆಲವು ವರ್ಷಗಳಿಗೊಮ್ಮೆ ಬಂದು, ಮನೆಯ ಮುಂದೆ ನಿಂತು ಮೂಲಸ್ಥಳ, ಬೆಡಗು, ಮನೆದೇವರು, ಅಲ್ಲಿಂದ ಮುಂದಕ್ಕೆ ಯಾರ ಮಗ ಯಾರು, ಯಾರು ಊರು ಬಿಟ್ಟರು, ಯಾರು ಪಾಲಾದರು ಎಂಬುದನ್ನು ಉಸಿರು ಕಟ್ಟದೆ ಒಪ್ಪಿಸುವರು. ಹೊಸದಾಗಿ ಹುಟ್ಟಿದವರನ್ನು ತಮ್ಮ ಪುಸ್ತಕದಲ್ಲಿ ಸೇರಿಸಿಕೊಂಡು, ಧಾನ್ಯ, ವಸ್ತ್ರ, ಹಣಗಳನ್ನು ಪಡೆದು ಹೋಗುವರು. ವೈದಿಕರ ಶ್ರಾದ್ಧದಲ್ಲಿ ವಸುರುದ್ರಾದಿತ್ಯ ಸ್ವರೂಪರಾದ ಮೂವರಿಗೆ ಮಾತ್ರವೇ ಪಿಂಡ. ಹೊಸದಾಗಿ ತೀರಿಕೊಂಡವನಿಗೆ ಸಪಿಂಡೀಕರಣವಾದೊಡನೆ ಹಳಬನೊಬ್ಬನು ಪಂಕ್ತಿಯಿಂದ ಮೇಲಕ್ಕೆ ಸರಿದು ಲೇಪಭಾಜನಾಗುತ್ತಾನೆ. ಮರೆಯುವುದಕ್ಕೂ ಶಾಸ್ತ್ರವು ಒಂದು ಕ್ರಮವನ್ನು ಏರ್ಪಡಿಸಿದೆಯೆಂದರೆ ತಪ್ಪಾಗದು. ಹೆಳವನಿಗೆ ಈ ನಿಯಮವಿಲ್ಲ. ಅವನು ಹತ್ತು ತಲೆಗಳನ್ನಾದರೂ ಬಿಡದೆ ಹೇಳುವನು. ಆದಕಾರಣ ಅವನ ಪಾಠವು ವಿದ್ವಾಂಸರ ಗೌರವಕ್ಕೆ ಪಾತ್ರವಾದುದು ಸಹಜವೇ.

ಆದರೆ ಅದನ್ನು ವಾಙ್ಮಯವೆಂದು ಭಾವಿಸಿ ಪರೀಕ್ಷಿಸಿದರೆ ಏನು ಕಂಡುಬರುತ್ತದೆ? ಇಲ್ಲಿ ರಘುವಂಶವನ್ನು ನೆನೆಯಬೇಕು. ಆ ಕಾವ್ಯದ ಹದಿನೆಂಟನೆಯ ಸರ್ಗದಲ್ಲಿ ನಿಷಧನಿಂದ ಸುದರ್ಶನನವರೆಗೆ ಇಪ್ಪತ್ತರಷ್ಟು ದೊರೆಗಳು ಬಂದು ಹೋಗುತ್ತಾರೆ. ಬಹುಮಂದಿಗೆ ಒಂದೆರಡು ಶ್ಲೋಕಗಳು, ಹೆಸರಿನ ಮೇಲೆ ಒಂದು ಚಮತ್ಕಾರ, ಅಷ್ಟೇ. ಪಾಠಶಾಲೆಗಳಲ್ಲಿ ಆ ಸರ್ಗವನ್ನು ಕುತೂಹಲದಿಂದ ಓದಿದ ವಿದ್ಯಾರ್ಥಿಯನ್ನು ನಾವಂತೂ ಕಂಡಿಲ್ಲ. ಅದೇ ಕವಿಯು ಎಂಟನೆಯ ಸರ್ಗದಲ್ಲಿ ಒಂದು ಹೂಮಾಲೆ ತಾಗಿ ಸತ್ತ ಇಂದುಮತಿಯ ಬಳಿ ನಿಂತು, ಅಜನ ಬಾಯಲ್ಲಿ ಮನೆಯೊಡತಿಯ ಸಾವೆಂದರೇನೆಂಬುದನ್ನು ಆಡಿಸುತ್ತಾನೆ. ಕೊನೆಯ ಸರ್ಗದಲ್ಲಿ ಅಗ್ನಿವರ್ಣನು ಕ್ಷಯದಿಂದ ಅಳಿದ ಮೇಲೆ ಆ ಮಹಾವಂಶವೆಲ್ಲ ಗರ್ಭಿಣಿಯಾದ ರಾಣಿಯೊಬ್ಬಳ ಹೊಟ್ಟೆಯಲ್ಲಿ ಉಳಿಯುತ್ತದೆ. ಆಕೆಯ ಹೆಸರನ್ನು ಕವಿಯು ಹೇಳಿಲ್ಲ! ಹೆಳವರ ವಂಶಾವಳಿಯು ಹದಿನೆಂಟನೆಯ ಸರ್ಗದ ಜಾತಿಗೆ ಸೇರಿದುದು. ಮುದುಕಿಯ ಮಾತು ಎಂಟನೆಯದರ ಜಾತಿಗೆ.

ಇದು ಹೆಳವನನ್ನು ಹಳಿಯಲೆಂದು ಹೇಳಿದ ಮಾತಲ್ಲ. ಅವನು ದಾತೃವಿನ ಮುಂದೆ ನಿಂತವನು. ಕೀರ್ತಿಯನ್ನು ಹೆಚ್ಚಿಸುವುದೂ ಸಲ್ಲದ ಸಂಗತಿಯನ್ನು ಬಿಡುವುದೂ ಅವನ ವೃತ್ತಿಧರ್ಮ. ಮಹಾಕವಿಗಳೇ ಹೀಗೆ ಮಾಡಿದ್ದಾರೆ. ಪಂಪನು ತನ್ನ ವಿಕ್ರಮಾರ್ಜುನವಿಜಯದ ಕೊನೆಯಲ್ಲಿ ಮಾಧವ ಸೋಮಯಾಜಿ, ಅಭಿಮಾನಚಂದ್ರ, ಕೊಮರಯ್ಯ, ಅಭಿರಾಮದೇವರಾಯ ಎಂದು ಶ್ರಾದ್ಧದ ಮೂವರಿಗಿಂತ ಒಬ್ಬನನ್ನು ಹೆಚ್ಚಾಗಿಯೇ ಎಣಿಸಿದ್ದಾನೆ. ಆತನ ತಾಯಿ ಅಬ್ಬಣಬ್ಬೆಯ ಹೆಸರು ನಮಗೆ ತಿಳಿದುದು ಕರೀಂನಗರ ಜಿಲ್ಲೆಯ ಕುರ್ಕ್ಯಾಲದ ಬಂಡೆಯ ಮೇಲೆ ತಮ್ಮನಾದ ಜಿನವಲ್ಲಭನು ಬರೆಯಿಸಿದ ಶಾಸನದಿಂದ. ಆ ಬಂಡೆ ಇಲ್ಲದಿದ್ದರೆ ಆದಿಕವಿಯ ತಾಯಿಯ ಹೆಸರನ್ನು ನಾವು ಎಲ್ಲಿಂದ ತರುತ್ತಿದ್ದೆವು? ಬಾಣಭಟ್ಟನು ಈ ವಿಷಯದಲ್ಲಿ ಉದಾರನು. ಕುಬೇರ, ಪಾಶುಪತ, ಅರ್ಥಪತಿ, ಚಿತ್ರಭಾನು ಎಂಬ ಪರಂಪರೆಯನ್ನು ಹೇಳಿ, ತಾಯಿ ರಾಜದೇವಿಯು ತನ್ನ ಶೈಶವದಲ್ಲಿಯೇ ತೀರಿಕೊಂಡುದನ್ನೂ, ತಂದೆಯೇ ತಾಯಾಗಿ ಸಾಕಿ, ತನಗೆ ಹದಿನಾಲ್ಕು ವರ್ಷವಾಗಿದ್ದಾಗ ಹೋದುದನ್ನೂ ಹರ್ಷಚರಿತದಲ್ಲಿ ಹೇಳಿಕೊಂಡಿದ್ದಾನೆ. ಆ ಸಮಾಸಜಟಿಲವಾದ ಗದ್ಯದಲ್ಲಿ ಈ ಎರಡು ಸಾವುಗಳ ಭಾಗವು ಮನಸ್ಸಿನಲ್ಲಿ ನಿಲ್ಲುವಂತೆ ಕುದುರೆಗಳ ವರ್ಣನೆ ನಿಲ್ಲುವುದಿಲ್ಲ.

ಇನ್ನು ಸೀಮೆಯ ವಿಚಾರ. 1876ರಿಂದ 1878ರವರೆಗೆ ಮೈಸೂರು ಸಂಸ್ಥಾನವನ್ನು ಸುಟ್ಟ ಧಾತು ಈಶ್ವರ ಸಂವತ್ಸರಗಳ ಬರವನ್ನು ಈ ಬಯಲುಸೀಮೆ ಮರೆಯುವಂತಿಲ್ಲ. 1871ರ ಖಾನೇಷುಮಾರಿಯಲ್ಲಿ ಸುಮಾರು ಐವತ್ತೂವರೆ ಲಕ್ಷವಿದ್ದ ಸಂಸ್ಥಾನದ ಜನಸಂಖ್ಯೆಯು 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕಡಿಮೆಯಾಯಿತು. ಬಳಿಕ 1898ರಲ್ಲಿ ಸಂಸ್ಥಾನಕ್ಕೆ ಪ್ಲೇಗು ಬಂದಿತು, 1918ರಲ್ಲಿ ಇನ್‌ಫ್ಲುಯೆಂಜಾ. ವಂಶಾವಳಿಯಲ್ಲಿ ಇವೆಲ್ಲ ಹೇಗೆ ತೋರುತ್ತವೆಂದರೆ, ‘ಸಂತಾನವಿಲ್ಲ’ ಎಂಬ ಒಂದು ಮಾತಾಗಿ. ಒಂದು ಕವಲು ಅಲ್ಲಿಗೆ ನಿಂತಿತೆಂದಷ್ಟೇ ಅದರ ಅರ್ಥ. ಹಸಿವಿನಿಂದ ನಿಂತಿತೊ, ಗಡ್ಡೆಯೆದ್ದು ನಿಂತಿತೊ, ಊರು ಬಿಟ್ಟು ಗುಡಿಸಲು ಹಾಕಿಕೊಂಡ ತೋಪಿನಲ್ಲಿ ನಿಂತಿತೊ, ಅದು ಹೆಳವನ ಪುಸ್ತಕದ ವಿಷಯವಲ್ಲ. ತುರುಗೋಳಿನಲ್ಲಿ ಮಡಿದವನಿಗೆ ವೀರಗಲ್ಲೂ ಗಂಡನೊಡನೆ ಚಿತೆಯೇರಿದವಳಿಗೆ ಮಾಸ್ತಿಕಲ್ಲೂ ನಿಂತವು. ಬರದಲ್ಲಿ ಹೋದವರಿಗೆ ಕಲ್ಲನ್ನು ನಿಲ್ಲಿಸುವವರಾರು! ಮಕ್ಕಳ ವಿಷಯವಂತೂ ಇನ್ನೂ ಕಷ್ಟ. ಎರಡು ವರ್ಷ ತುಂಬದ ಕೂಸನ್ನು ಹೂಳಬೇಕು, ಅಗ್ನಿಯೂ ಇಲ್ಲ, ಉದಕವೂ ಇಲ್ಲವೆಂದು ಮನುವಿನ ವಿಧಿ. ಶ್ರಾದ್ಧದಲ್ಲಿಲ್ಲ, ಕಲ್ಲಿನಲ್ಲಿಲ್ಲ, ಹೆಳವನಲ್ಲಿಲ್ಲ. ಹೆತ್ತವಳ ನಾಲಗೆಯಲ್ಲಿ ಮಾತ್ರ ಉಂಟು.

ಹಿರಿಯರಿಗೆ ಎಡೆ ಇಡುವ ಮಹಾಲಯ ಅಮಾವಾಸ್ಯೆಯ ದಿನ ಈ ನೆನಪು ಹೇಗೆ ಕೆಲಸಮಾಡುತ್ತದೆಂಬುದನ್ನು ಗಮನಿಸಬೇಕು. ಮಂತ್ರವಿಲ್ಲ, ಗೋತ್ರವಿಲ್ಲ. ತಾತನಿಗೆ ಪಂಚೆ, ಮುತ್ತೈದೆಯಾಗಿ ಹೋದವಳಿಗೆ ಸೀರೆ ಬಳೆ, ಅವರವರಿಗೆ ಬಾಯಿಗೆ ಹಿತವಾಗಿದ್ದ ತಿನಿಸು, ಸೇದುತ್ತಿದ್ದವನಿಗೆ ಬೀಡಿ. ಸತ್ತವನ ರುಚಿಯನ್ನು ಬಲ್ಲವರು ಮನೆಯಲ್ಲಿ ಇರುವವರೆಗೆ ಎಡೆಯು ಅವನದಾಗಿರುತ್ತದೆ. ಅವರೂ ಹೋದಮೇಲೆ ಅದು ಎಲ್ಲ ಹಿರಿಯರಿಗೂ ಸಾಮಾನ್ಯವಾಗುತ್ತದೆ. ಅಲಂಕಾರಿಕರು ವಿಶೇಷವೆಂದು ಕರೆಯುವುದು ಇದನ್ನೇ. ಕಾರಂತರ ‘ಮರಳಿ ಮಣ್ಣಿಗೆ’ (1941) ಮೂರು ತಲೆಗಳ ಕಥೆಯಾಗಿಯೂ ವಂಶಾವಳಿಯಾಗದಿರುವುದು, ವಿಧವೆಯಾದ ಸರಸೋತಿಯಂಥ ಪಟ್ಟಿಗೆ ಸೇರದವಳ ದುಡಿಮೆಯು ಅದರಲ್ಲಿ ಮನೆಯ ತೊಲೆಯಂತೆ ನಿಂತಿರುವುದರಿಂದ. ತುಮಕೂರು ಸೀಮೆಗೆ ಹತ್ತಿರದ ಭೈರಪ್ಪನವರ ‘ಗೃಹಭಂಗ’ದಲ್ಲಿ (1970) ನಂಜಮ್ಮನ ಮಕ್ಕಳನ್ನು ಪ್ಲೇಗು ಒಯ್ಯುವ ಭಾಗವು ಹೆಳವನ ‘ಸಂತಾನವಿಲ್ಲ’ ಎಂಬುದಕ್ಕೆ ಬರೆದ ಭಾಷ್ಯದಂತಿದೆ.

ವಂಶವೃಕ್ಷಗಳನ್ನು ಅಚ್ಚು ಹಾಕಿಸುವ ಗೃಹಸ್ಥರು ಹೆಳವರ ಪುಸ್ತಕವನ್ನು ಪ್ರತಿಮಾಡಿ ತೃಪ್ತರಾಗುತ್ತಿರುವುದು ಇದರಿಂದಲೇ ನಮಗೆ ಸರಿದೋರದು. ಆ ಮರಗಳಲ್ಲಿ ಕಾಂಡವುಂಟು, ಕೊಂಬೆಯುಂಟು. ಕೊಟ್ಟ ಹೆಣ್ಣುಮಕ್ಕಳೂ ತಂದ ಸೊಸೆಯರೂ ಕೂಸುಗಳೂ ಇಲ್ಲ. ಪಾವಗಡ ಮಧುಗಿರಿಗಳ ಕಡೆ ಮರಳಿನಲ್ಲಿ ಒಸರುವ ತಲಪರಿಗೆಗಳನ್ನು ವರ್ಷವರ್ಷವೂ ಹೂಳೆತ್ತಿ ಕಾಪಾಡುತ್ತಿದ್ದರು. ಎತ್ತದೆ ಬಿಟ್ಟ ಎಷ್ಟೋ ತಲಪರಿಗೆಗಳು ಮುಚ್ಚಿಹೋದವು. ಹಳ್ಳಿಯ ಶಾಲೆಗಳ ಕನ್ನಡ ಪಂಡಿತರು ತಮ್ಮ ವಿದ್ಯಾರ್ಥಿಗಳನ್ನು ಹೆಳವನ ಬಳಿಗೆ ಕಳುಹಿಸುವ ಮೊದಲು ಅವರವರ ಅಜ್ಜಿಯರ ಬಳಿಗೆ ಕಳುಹಿಸಲಿ, ಮತ್ತು ‘ಹೇಗೆ ಹೋದರು’ ಎಂಬ ಪ್ರಶ್ನೆಯನ್ನು ‘ಯಾರ ಮಗ’ ಎಂಬುದಕ್ಕಿಂತ ಮುಂಚೆ ಕೇಳಿಸಲಿ.