ಸಂಗೀತ ಶಾಕುಂತಲದಲ್ಲಿ ನುಡಿಯೂ ಮಟ್ಟೂ

ಅಣ್ಣಾಸಾಹೇಬ ಕಿರ್ಲೋಸ್ಕರರ ಮರಾಠಿ ಸಂಗೀತ ಶಾಕುಂತಲವು 1880ನೆಯ ಇಸವಿ ಅಕ್ಟೋಬರ್ 31ರಂದು ಪುಣೆಯಲ್ಲಿ ಮೊದಲು ರಂಗವನ್ನೇರಿತು. ಅಂದು ಆಡಿದುದು ನಾಲ್ಕೇ ಅಂಕಗಳು. ಈ ನಾಟಕದ ವಿಷಯವಾಗಿ ಕನ್ನಡಿಗರು ಬರೆಯುವಾಗ ಪ್ರಾಯಶಃ ಋಣದ ಲೆಕ್ಕದಿಂದಲೇ ತೊಡಗುವರು. ಕರ್ಕಿಯ ಭಾಗವತ ಮೇಳವು ಸಾಂಗಲಿಗೆ ಹೋಗಿ ಆಡಿದ ಆಟವನ್ನು ಕಂಡು ಅಲ್ಲಿಯ ಅರಸರಾದ ಪಟವರ್ಧನರು ವಿಷ್ಣುದಾಸ ಭಾವೆಯವರನ್ನು ಪ್ರೇರಿಸಿದುದು, 1843ರಲ್ಲಿ ಭಾವೆಯವರ ಸೀತಾಸ್ವಯಂವರವು ನಡೆದುದು, ಅದೇ ವರ್ಷ ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ ಕಿರ್ಲೋಸ್ಕರರು ಹುಟ್ಟಿದುದು, ಅವರ ಪದಗಳಲ್ಲಿ ಕನ್ನಡದ ಮಟ್ಟುಗಳು ಸೇರಿಕೊಂಡುದು, ಇವೆಲ್ಲವೂ ನಿಜವೇ. ಆದರೆ ಸಾಲಗಾರನಾರೆಂದು ನಿಶ್ಚಯಿಸಿದ ಮಾತ್ರಕ್ಕೆ ಕಾವ್ಯದ ಗುಣದೋಷಗಳು ತಿಳಿಯಲಾರವು. ಹಲವು ಜನಗಳ ಹಾಡುಗಳು ಒಂದು ರಂಗದಲ್ಲಿ ಕೂಡಿದಾಗ ಕಾಳಿದಾಸನ ನಾಟಕಕ್ಕೆ ಆದುದೇನು ಎಂಬುದೇ ವಿಚಾರಾರ್ಹವಾದ ಪ್ರಶ್ನೆ.

ಮೂಲ ಶಾಕುಂತಲವು ಏಕಭಾಷೆಯ ಕೃತಿಯಲ್ಲವೆಂಬುದನ್ನು ಪಾಠಶಾಲೆಗಳಲ್ಲಿ ಓದಿದ ನಾವೇ ಮರೆಯುವುದುಂಟು. ಪ್ರಾಕೃತ ವಾಕ್ಯಗಳ ಕೆಳಗೆ ಅಚ್ಚಾಗಿರುವ ಸಂಸ್ಕೃತ ಛಾಯೆಯನ್ನೇ ಓದಿ ಮುಂದೆ ಸಾಗುವ ದುರಭ್ಯಾಸವು ಇದಕ್ಕೆ ಕಾರಣ. ದುಷ್ಯಂತನದೂ ಕಣ್ವನದೂ ಸಂಸ್ಕೃತ. ಶಕುಂತಲೆಯೂ ಸಖಿಯರೂ ಮಾತಿನಲ್ಲಿ ಶೌರಸೇನಿಯನ್ನೂ ಪದ್ಯದಲ್ಲಿ ಮಾಹಾರಾಷ್ಟ್ರಿಯನ್ನೂ ಆಡುವರು. ಉಂಗುರವನ್ನು ತಂದ ಬೆಸ್ತನ ನುಡಿ ಮಾಗಧಿ. ವಿದೂಷಕನು ಬ್ರಾಹ್ಮಣನಾದರೂ ಪ್ರಾಕೃತದವನೇ. ಆಶ್ರಮವೂ ಅರಮನೆಯೂ ಸಂಧಿಸುವ ಕಥೆಯಲ್ಲಿ ನುಡಿಗಳೂ ಹೀಗೆ ಸಂಧಿಸುತ್ತವೆ. ಪಾಮನಕಲ್ಲೂರಿನ ಕಡೆಯವರಾದ ನಮಗೆ ಇದು ವಿಚಿತ್ರವಾಗಿ ಕಾಣದು. 1948ರ ವರೆಗೆ ನಿಜಾಮರ ಆಳಿಕೆಯಲ್ಲಿದ್ದ ಈ ಸೀಮೆಯಲ್ಲಿ ಮನೆಯ ಮಾತು ಕನ್ನಡ, ಕಚೇರಿಯ ಬರಹ ಉರ್ದು. ಸಮೀಪದ ಮಸ್ಕಿಯ ಬಂಡೆಯ ಮೇಲಾದರೋ ಅಶೋಕನ ಪ್ರಾಕೃತ.

ಮರಾಠಿಗೆ ಬಂದಾಗ ಈ ಭಾಷಾಭೇದವು ಉಳಿಯುವಂತಿರಲಿಲ್ಲ. ಗ್ರಾಮ್ಯ-ಶಿಷ್ಟಗಳ ಅಂತರದಿಂದ ಅದನ್ನು ಅಲ್ಪಸ್ವಲ್ಪ ಸೂಚಿಸಬಹುದು, ಅಷ್ಟೇ. ಕಳೆದುಹೋದ ಈ ವೈವಿಧ್ಯವನ್ನು ಕಿರ್ಲೋಸ್ಕರರು ಮಟ್ಟಿನಲ್ಲಿ ಮರಳಿ ಪಡೆದರೆಂದು ನನ್ನ ಮತ. ಕೀರ್ತನಕಾರರ ಸಾಕಿ ದಿಂಡಿಗಳು, ಲಾವಣಿಯ ಧಾಟಿ, ಹಿಂದುಸ್ಥಾನಿ ರಾಗಗಳು, ಕನ್ನಡ ಪದಗಳ ಮಟ್ಟುಗಳು ಎಲ್ಲವೂ ಅಲ್ಲಿ ಒಂದೇ ಪಂಕ್ತಿಯಲ್ಲಿ ಕುಳಿತವು. ಪಾರಸಿ ಮಂಡಳಿಯ ಉರ್ದು ಗೇಯನಾಟಕವನ್ನು ನೋಡಿ ಅವರಿಗೆ ಈ ಉತ್ಸಾಹ ಹುಟ್ಟಿತೆಂದು ನಾಟ್ಯಚರಿತ್ರಕಾರರು ಹೇಳುವರು. ಹಾಗಿದ್ದರೂ ಇದನ್ನು ಅನುಕರಣವೆನ್ನಲಾಗದು.

ಆದರೂ ಒಂದು ಭೇದವನ್ನು ಗಮನಿಸಬೇಕು. ನುಡಿಯು ಪಾತ್ರವನ್ನು ಅನುಸರಿಸುವುದು, ಮಟ್ಟು ರಸವನ್ನು ಅನುಸರಿಸುವುದು. ಬೆಸ್ತನು ಬಾಯಿ ತೆರೆದೊಡನೆಯೇ ಅವನಾರೆಂಬುದನ್ನು ಮಾಗಧಿಯು ಸಾರುವುದು. ಕರುಣದ ಮಟ್ಟಾದರೋ ಋಷಿಗೂ ಸಲ್ಲುವುದು, ಸಖಿಗೂ ಸಲ್ಲುವುದು. ಆದಕಾರಣ ಸಂಗೀತ ಶಾಕುಂತಲದಲ್ಲಿ ಬೆರೆತವು ಪ್ರೇಕ್ಷಕರ ಕಿವಿಗಳೇ ಹೊರತು ಪಾತ್ರಗಳ ಲೋಕಗಳಲ್ಲ.

ಇದಕ್ಕಿಂತ ದೊಡ್ಡ ನಷ್ಟವು ಬೇರೊಂದಿದೆ. ಕಾಳಿದಾಸನು ಗಾನವನ್ನು ಬಲು ಜಿಪುಣತನದಿಂದ ಬಳಸಿರುವನು. ಪ್ರಸ್ತಾವನೆಯಲ್ಲಿ ನಟಿಯ ಹಾಡನ್ನು ಕೇಳಿ ಸೂತ್ರಧಾರನು ತಾನು ಆಡಿಸಬೇಕಾದ ನಾಟಕವನ್ನೇ ಮರೆಯುವನು. ಐದನೆಯ ಅಂಕದ ಆರಂಭದಲ್ಲಿ ಹಂಸಪದಿಕೆಯ ಹಾಡು ಒಳಗಿನಿಂದ ಕೇಳಿಬಂದಾಗ ಅರಸನಿಗೆ ಕಾರಣ ತಿಳಿಯದ ತಳಮಳವುಂಟಾಗುವುದು. ಮೊದಲನೆಯ ಗಾನವು ಮರೆಸಿತು. ಎರಡನೆಯದು ಮರೆತುದರ ನೆನಪಿನ ಅಂಚಿನ ವರೆಗೆ ಒಯ್ದು ಅಲ್ಲಿಯೇ ಕೈಬಿಟ್ಟಿತು. ಶಾಪದ ಕಥೆಯೆಲ್ಲ ಈ ಎರಡು ಹಾಡುಗಳ ನಡುವೆ ಅಡಗಿದೆ. ನೂರಕ್ಕೂ ಮಿಕ್ಕ ಪದಗಳಿರುವ ನಾಟಕದಲ್ಲಿ ಹಂಸಪದಿಕೆಯದು ಮತ್ತೊಂದು ಪದವಾಗುವ ಭಯವುಂಟು. ಅರಸನೂ ಹಾಡುವವನೇ ಆದಮೇಲೆ ಹಾಡೊಂದು ಅವನನ್ನು ಕದಲಿಸಿತೆಂದರೆ ನಂಬುವವರಾರು?

ನಮ್ಮವರ ಶಾಕುಂತಲಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರವು. ಅಭಿನವ ಕಾಳಿದಾಸ ಬಸವಪ್ಪಶಾಸ್ತ್ರಿಗಳ ಪದ್ಯಗಳ ಪ್ರೌಢಿಯನ್ನು ನಾನು ಗೌರವಿಸುತ್ತೇನೆ. ಆದರೂ ನುಡಿಭೇದದ ಮಟ್ಟಿಗೆ, 1869ರಲ್ಲಿಯೇ ಧಾರವಾಡದ ಆಡುಮಾತಿಗೆ ಎಡೆಗೊಟ್ಟ ಚುರಮುರಿ ಶೇಷಗಿರಿರಾಯರು ಮೂಲಕ್ಕೆ ಹೆಚ್ಚು ಸಮೀಪದವರು. ಪಂಡಿತರು ಅದನ್ನು ಗ್ರಾಮ್ಯವೆಂದು ಬದಿಗಿಟ್ಟುದು ಸರಿಯಲ್ಲ; ಮಾಗಧಿಯನ್ನು ಬಲ್ಲವರು ಹಾಗೆ ಹೇಳಬಾರದಿತ್ತು.

ಶಾಕುಂತಲವನ್ನು ಸಂಗೀತನಾಟಕವಾಗಿ ಆಡುವವರು ಐದನೆಯ ಅಂಕದ ಆರಂಭದಲ್ಲಿ ಅರಸ-ವಿದೂಷಕರಿಂದ ಮಾತನ್ನೇ ಆಡಿಸಲಿ, ವಾದ್ಯಗಳು ಸುಮ್ಮನಿರಲಿ, ಹಂಸಪದಿಕೆಯ ದನಿಯು ಪರದೆಯ ಹಿಂದಿನಿಂದ, ಶ್ರುತಿಯೊಂದರ ಆಸರೆಯಲ್ಲಿ, ತಾನಾಗಿ ಬರಲಿ.