ಒಂದೇ ಭಂಡಾರ, ಹಲವು ಬಾಗಿಲು: ಸಂಗೀತ ಸೇವೆಗಳ ಸ್ಪರ್ಧೆಯೂ ಕನ್ನಡ ಗೀತೆಯೂ

ಕಲೆಯನ್ನು ಕುರಿತು ಬರೆಯುವವರು ಅದರ ವ್ಯಾಪಾರದ ವಿಷಯದಲ್ಲಿ ಮೌನವಹಿಸುವುದು ನಮ್ಮಲ್ಲಿ ಬಹುಕಾಲದ ರೂಢಿ. ರಾಗ, ಭಾವ, ಸಾಹಿತ್ಯಗಳ ವಿಮರ್ಶೆ ಸಾಕಷ್ಟು ನಡೆದಿದೆ. ಆದರೆ ಹಾಡು ಯಾವ ದಾರಿಯಿಂದ ಶ್ರೋತೃವಿನ ಕಿವಿಯನ್ನು ಸೇರುತ್ತದೆ, ಆ ದಾರಿಯಲ್ಲಿ ಸುಂಕ ವಸೂಲು ಮಾಡುವವರು ಯಾರು ಎಂಬ ಪ್ರಶ್ನೆಗಳನ್ನು ವಿಮರ್ಶಕನು ತನಗೆ ಸಂಬಂಧಿಸಿದುವಲ್ಲವೆಂದು ಬಿಟ್ಟುಬಿಡುತ್ತಾನೆ. ಹಗಲೆಲ್ಲ ಬ್ಯಾಂಕಿನ ಲೆಕ್ಕಪತ್ರಗಳ ನಡುವೆ ಕಳೆದು ರಾತ್ರಿ ಕನ್ನಡ ಗೀತೆಗಳನ್ನು ಕೇಳುವ ನನ್ನಂಥವನಿಗೆ ಇವೆರಡನ್ನೂ ಬೇರೆಬೇರೆಯಾಗಿ ಇಡುವುದು ಸಾಧ್ಯವಾಗಿಲ್ಲ. ಅಂತರ್ಜಾಲದ ಮೂಲಕ ಮೊಬೈಲಿಗೆ ಹಾಡನ್ನು ಹರಿಸುವ ಸ್ಟ್ರೀಮಿಂಗ್ ಸೇವೆಗಳು ಈಗ ಪರಸ್ಪರ ಪೈಪೋಟಿಯಲ್ಲಿ ತೊಡಗಿವೆ. ಈ ಪೈಪೋಟಿಯ ಮುಂದಿನ ಗತಿ ಏನು, ಅದರಿಂದ ಕನ್ನಡದ ಭಾವಗೀತೆ, ವಚನಗಾಯನ, ಜಾನಪದ ಗೀತೆಗಳಿಗೆ ಒದಗಬಹುದಾದ ಹಾನಿ ಯಾವುದು ಎಂಬುದನ್ನು ಪರ್ಯಾಲೋಚಿಸುವುದೇ ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಈ ಸ್ಪರ್ಧೆಯ ಇತಿಹಾಸವನ್ನು ಸಂಕ್ಷೇಪವಾಗಿ ನೋಡಬಹುದು. ಸ್ವೀಡನ್ನಿನಲ್ಲಿ ೨೦೦೬ರಲ್ಲಿ ಹುಟ್ಟಿದ ಸ್ಪಾಟಿಫೈ ೨೦೦೮ರಲ್ಲಿ ಜನರಿಗೆ ತೆರೆಯಿತು. ಭಾರತದಲ್ಲಿ ಸಾವನ್, ಗಾನಾ ಮೊದಲಾದುವು ಅಷ್ಟರ ಆಚೀಚೆಗೇ ಕಾಣಿಸಿಕೊಂಡುವು. ೨೦೧೪ರಲ್ಲಿ ಏರ್‌ಟೆಲ್ ಸಂಸ್ಥೆಯ ವಿಂಕ್, ೨೦೧೫ರಲ್ಲಿ ಆ್ಯಪಲ್ ಮ್ಯೂಸಿಕ್, ೨೦೧೯ರಲ್ಲಿ ಸ್ಪಾಟಿಫೈ ಮತ್ತು ಯೂಟ್ಯೂಬ್ ಮ್ಯೂಸಿಕ್ ಇಲ್ಲಿಯ ಶ್ರೋತೃಗಳಿಗೆ ದೊರೆತುವು. ಇಷ್ಟೊಂದು ಅಂಗಡಿಗಳು ಒಂದೇ ಬೀದಿಯಲ್ಲಿ ತೆರೆದಾಗ ಮುಂದೇನಾಗುವುದೆಂದು ಊಹಿಸುವುದು ಕಷ್ಟವಲ್ಲ. ಸಾವನ್ ೨೦೧೮ರಲ್ಲಿ ಜಿಯೋ ಸಂಗೀತದೊಡನೆ ಕೂಡಿಕೊಂಡಿತು. ಗಾನಾ ೨೦೨೨ರಲ್ಲಿ ಉಚಿತ ಶ್ರವಣವನ್ನು ಕೈಬಿಟ್ಟು ಚಂದಾದಾರರನ್ನೇ ನೆಚ್ಚಿಕೊಂಡಿತು. ಮರುವರ್ಷ ರೇಡಿಯೋ ಮಿರ್ಚಿಯ ಒಡೆಯ ಸಂಸ್ಥೆಯ ಕೈಸೇರಿತು. ರೆಸ್ಸೋ ೨೦೨೪ರ ಜನವರಿಯಲ್ಲಿ ಭಾರತವನ್ನು ಬಿಟ್ಟಿತು. ವಿಂಕ್ ಸೇವೆಯನ್ನು ಮುಚ್ಚುವುದಾಗಿ ಅದರ ಒಡೆಯರು ಅದೇ ವರ್ಷದ ಆಗಸ್ಟಿನಲ್ಲಿ ಸಾರಿದರು.

ಈ ಪತನಗಳಿಗೆ ಕಾರಣ ಅಸಾಮರ್ಥ್ಯವೆಂದು ಹೇಳುವುದು ಸರಿಯಾಗದು. ಕಾರಣವು ಈ ವ್ಯಾಪಾರದ ರಚನೆಯಲ್ಲಿಯೇ ಇದೆ. ಸಾಮಾನ್ಯವಾಗಿ ಎರಡು ಪ್ರಕಾಶನ ಸಂಸ್ಥೆಗಳು ಸ್ಪರ್ಧಿಸುವಾಗ ಒಂದರಲ್ಲಿರುವ ಪುಸ್ತಕ ಇನ್ನೊಂದರಲ್ಲಿರುವುದಿಲ್ಲ. ಇಲ್ಲಿ ಹಾಗಲ್ಲ. ಹಾಡುಗಳ ಒಡೆತನ ಸೇವೆಗಳದಲ್ಲ, ಧ್ವನಿಮುದ್ರಣ ಸಂಸ್ಥೆಗಳದು. ಪಾಶ್ಚಾತ್ಯ ದೇಶಗಳಲ್ಲಿ ಯೂನಿವರ್ಸಲ್, ಸೋನಿ, ವಾರ್ನರ್ ಎಂಬ ಮೂರು. ನಮ್ಮಲ್ಲಿ ಟಿ-ಸೀರೀಸ್, ಸರೆಗಮ ಮುಂತಾದುವು. ಕನ್ನಡದ ಮಟ್ಟಿಗೆ ಲಹರಿ, ಆನಂದ್ ಆಡಿಯೋ ಮೊದಲಾದುವು. ಇವರೆಲ್ಲರೂ ಬಹುಮಟ್ಟಿಗೆ ಎಲ್ಲ ಸೇವೆಗಳಿಗೂ ಪರವಾನಗಿ ಕೊಡುತ್ತಾರೆ. ಹೀಗಾಗಿ ಭಂಡಾರ ಒಂದೇ, ಬಾಗಿಲುಗಳು ಮಾತ್ರ ಹಲವು. ಸರಕು ಒಂದೇ ಆದ ಮೇಲೆ ಸ್ಪರ್ಧೆ ಉಳಿಯುವುದು ಬೆಲೆಯಲ್ಲಿ ಮತ್ತು ಮೊಬೈಲ್ ರೀಚಾರ್ಜಿನ ಜೊತೆಗೆ ಬರುವ ಉಚಿತ ಕೊಡುಗೆಯಲ್ಲಿ.

ಭಂಡಾರದ ಒಡೆಯನ ಬಲ ಎಷ್ಟೆಂಬುದಕ್ಕೆ ಮುಂಬಯಿಯಲ್ಲಿಯೇ ಒಂದು ನಿದರ್ಶನ ಉಂಟು. ಕೃತಿಸ್ವಾಮ್ಯ ಕಾಯಿದೆಯ ೩೧ಡಿ ವಿಧಿಯಂತೆ ರೇಡಿಯೋ ಕೇಂದ್ರಗಳು ಗೊತ್ತುಪಡಿಸಿದ ದರವನ್ನು ತೆತ್ತು ಹಾಡುಗಳನ್ನು ಪ್ರಸಾರ ಮಾಡಬಹುದು, ಒಡೆಯನು ಬೇಡವೆನ್ನುವಂತಿಲ್ಲ. ಈ ಸೌಲಭ್ಯ ತನಗೂ ಸಲ್ಲಬೇಕೆಂದು ವಿಂಕ್ ವಾದಿಸಿತು. ಟಿಪ್ಸ್ ಸಂಸ್ಥೆ ಹೂಡಿದ ದಾವೆಯಲ್ಲಿ ಮುಂಬಯಿ ಉಚ್ಚ ನ್ಯಾಯಾಲಯ ೨೦೧೯ರಲ್ಲಿ ಆ ವಾದವನ್ನು ಒಪ್ಪಲಿಲ್ಲ; ೨೦೨೨ರಲ್ಲಿ ವಿಭಾಗೀಯ ಪೀಠವೂ ಆ ತೀರ್ಪನ್ನೇ ಎತ್ತಿಹಿಡಿಯಿತು. ಅಂದಮೇಲೆ ಒಡೆಯನು ಒಪ್ಪದಿದ್ದರೆ ಹಾಡು ಬಾಗಿಲಿನಿಂದ ಮಾಯವಾಗುತ್ತದೆ. ೨೦೧೯ರಲ್ಲಿ ಸ್ಪಾಟಿಫೈನಿಂದ ಸರೆಗಮದ ಹಾಡುಗಳು ಮರೆಯಾಗಿ ೨೦೨೦ರಲ್ಲಿ ಮರಳಿದುವು; ೨೦೨೩ರಲ್ಲಿ ಜೀ ಮ್ಯೂಸಿಕ್ಕಿನ ಹಾಡುಗಳೂ ಕೆಲಕಾಲ ಹೀಗೆಯೇ ಮರೆಯಾಗಿದ್ದುವು.

ಇಂಥ ಸ್ಥಿತಿಯಲ್ಲಿ ಬಾಳುವವರು ಯಾರು? ಸಂಗೀತವೇ ಮುಖ್ಯ ಜೀವನೋಪಾಯವಾದವರಿಗೆ ದಾರಿ ಕಠಿನ. ಲೋಕದಲ್ಲಿ ಅತ್ಯಂತ ದೊಡ್ಡದೆನಿಸಿದ ಸ್ಪಾಟಿಫೈ ಕೂಡ ಪೂರ್ಣ ವರ್ಷವೊಂದರ ಲಾಭವನ್ನು ಮೊದಲು ಕಂಡುದು ೨೦೨೪ರಲ್ಲಿ, ಬಾಗಿಲು ತೆರೆದ ಹದಿನಾರನೆಯ ವರ್ಷದಲ್ಲಿ. ಫೋನು ಮಾರುವವರು, ಜಾಹೀರಾತು ಮಾರುವವರು, ದೂರವಾಣಿ ಸಂಪರ್ಕ ಮಾರುವವರು ಸಂಗೀತದ ನಷ್ಟವನ್ನು ಬೇರೆ ಖಾತೆಯಿಂದ ತುಂಬಿಕೊಳ್ಳಬಲ್ಲರು. ಬೇಸರ ಬಂದ ದಿನ ಮುಚ್ಚಲೂ ಬಲ್ಲರು. ಆದುದರಿಂದ ಮುಂದೆ ಸೇವೆಗಳ ಸಂಖ್ಯೆ ಇನ್ನೂ ಇಳಿಯುವುದೆಂದೂ, ಉಳಿಯುವ ಎರಡು ಮೂರರಲ್ಲಿ ಬಹುಪಾಲು ಬೇರೊಂದು ದೊಡ್ಡ ವ್ಯಾಪಾರದ ಉಪಶಾಖೆಗಳಾಗಿರುವುವೆಂದೂ ನನಗೆ ತೋರುತ್ತದೆ.

೨

ಯಾರು ಗೆದ್ದರೆ ನಮಗೇನು ಎಂದು ವಾಚಕರು ಕೇಳಬಹುದು. ಗೆಲ್ಲುವವರೆಲ್ಲ ಅನುಸರಿಸುವ ಹಂಚಿಕೆಯ ಕ್ರಮ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಅದನ್ನು ಸ್ವಲ್ಪ ವಿವರವಾಗಿ ನೋಡಬೇಕು. ಸೇವೆಯು ತನ್ನ ಆದಾಯದ ಸುಮಾರು ಮೂರನೆಯ ಎರಡು ಪಾಲನ್ನು ಹಕ್ಕುದಾರರಿಗೆ ಕೊಡುತ್ತದೆ. ಮುಂಗಡ ಖಾತರಿ ಹಣದ ಒಪ್ಪಂದಗಳೂ ಉಂಟು. ಆದರೆ ಮೂಲ ತತ್ತ್ವ ಇಷ್ಟೆ: ಎಲ್ಲರ ಚಂದಾ ಒಂದೇ ರಾಶಿಯಲ್ಲಿ ಬೀಳುತ್ತದೆ, ಒಟ್ಟು ಶ್ರವಣಗಳ ಪ್ರಮಾಣಕ್ಕೆ ತಕ್ಕಂತೆ ಆ ರಾಶಿ ಹಂಚಿಹೋಗುತ್ತದೆ.

ಒಂದು ಕಲ್ಪಿತ ಲೆಕ್ಕವನ್ನು ನೋಡೋಣ. ಇಬ್ಬರೇ ಚಂದಾದಾರರು, ಪ್ರತಿಯೊಬ್ಬನೂ ತಿಂಗಳಿಗೆ ೧೦೦ ರೂಪಾಯಿ ಕೊಡುತ್ತಾನೆ. ಸೇವೆ ೬೦ ರೂಪಾಯಿ ಇಟ್ಟುಕೊಂಡು ೧೪೦ನ್ನು ಹಂಚುತ್ತದೆಂದು ಭಾವಿಸೋಣ. ಮೊದಲನೆಯವನು ರಾತ್ರಿ ಮಲಗುವ ಮುನ್ನ ಒಂದೆರಡು ಭಾವಗೀತೆ ಕೇಳುವವನು. ತಿಂಗಳಿಗೆ ೫೦ ಹಾಡು. ಎರಡನೆಯವನ ಮನೆಯಲ್ಲಿ ಬೆಳಗಿನಿಂದ ಚಲನಚಿತ್ರಗೀತೆ ಮೊಳಗುತ್ತಿರುತ್ತದೆ, ತಿಂಗಳಿಗೆ ೯೫೦. ಒಂದು ಶ್ರವಣಕ್ಕೆ ೧೪ ಪೈಸೆ. ಭಾವಗೀತೆಗೆ ಸಲ್ಲುವುದು ೭ ರೂಪಾಯಿ, ಚಲನಚಿತ್ರಗೀತೆಗೆ ೧೩೩. ಅವರವರ ಚಂದಾ ಅವರವರು ಕೇಳಿದ ಹಾಡಿಗೇ ಹೋಗುವಂತಿದ್ದರೆ ಎರಡಕ್ಕೂ ೭೦ ರೂಪಾಯಿ ಸಲ್ಲುತ್ತಿದ್ದಿತು. ಅಂದರೆ ಭಾವಗೀತೆಯ ಪ್ರೇಮಿ ತನ್ನ ಹಣದಲ್ಲಿ ೬೩ ರೂಪಾಯಿಯನ್ನು ತಾನು ಕೇಳಿಯೇ ಇಲ್ಲದ ಹಾಡಿಗೆ ತೆತ್ತಂತಾಯಿತು. ಆ ಸಂಗತಿ ಅವನಿಗೆ ತಿಳಿಯುವುದೂ ಇಲ್ಲ. ಮನಸ್ಸಿಟ್ಟು ಕೇಳುವವನು ಕಡಮೆ ಕೇಳುತ್ತಾನೆ. ಈ ಲೆಕ್ಕದಲ್ಲಿ ಅವನ ಪ್ರೀತಿಗೆ ಅಷ್ಟೇ ಕಡಮೆ ಬೆಲೆ.

ಬೇರೆಯ ಕ್ರಮ ಅಸಾಧ್ಯವೇನಲ್ಲ. ಸೌಂಡ್‌ಕ್ಲೌಡ್ ಸಂಸ್ಥೆ ೨೦೨೧ರಲ್ಲಿ ಸ್ವತಂತ್ರ ಕಲಾವಿದರ ಮಟ್ಟಿಗೆ, ಶ್ರೋತೃವಿನ ಹಣ ಅವನು ಕೇಳಿದ ಕಲಾವಿದನಿಗೇ ಸೇರುವ ಪದ್ಧತಿಯನ್ನು ಆರಂಭಿಸಿತು. ಆದರೆ ದೊಡ್ಡ ಪ್ರವಾಹ ಇನ್ನೊಂದು ದಿಕ್ಕಿಗೆ ಹರಿಯುತ್ತಿದೆ. ಹನ್ನೆರಡು ತಿಂಗಳಲ್ಲಿ ೧೦೦೦ ಸಲ ಕೇಳಲ್ಪಡದ ಧ್ವನಿಮುದ್ರಿಕೆಗೆ ರಾಯಲ್ಟಿಯ ಲೆಕ್ಕವೇ ಇಲ್ಲವೆಂದು ಸ್ಪಾಟಿಫೈ ೨೦೨೪ರಿಂದ ನಿಯಮ ಮಾಡಿದೆ. ಅಂಥ ಮುದ್ರಿಕೆಗೆ ಸಲ್ಲುತ್ತಿದ್ದ ಹಣ ಅತ್ಯಲ್ಪವೆಂಬ ಸಮಾಧಾನವನ್ನು ನಾನು ಅಲ್ಲಗಳೆಯುವುದಿಲ್ಲ; ಕ್ಯಾಸೆಟ್ಟಿನ ಕಾಲದಲ್ಲಿಯೂ ವಚನಗಾಯಕನೇನೂ ಧನಿಕನಾಗಲಿಲ್ಲ. ಆದರೆ ಮೊತ್ತ ಚಿಕ್ಕದೆಂದು ಖಾತೆಯನ್ನೇ ತೆರೆಯದಿರುವುದಕ್ಕೂ ಖಾತೆಯಲ್ಲಿ ಚಿಕ್ಕ ಮೊತ್ತ ಇರುವುದಕ್ಕೂ ವ್ಯತ್ಯಾಸವಿದೆ. ಖಾತೆಯಿಲ್ಲದ ಹಾಡಿನ ವಿವರವನ್ನು ಜೋಪಾನವಾಗಿಡಲು ಯಾರಿಗೂ ಕಾರಣ ಉಳಿಯುವುದಿಲ್ಲ.

೩

ಇಲ್ಲಿಗೆ ನನ್ನ ಮುಖ್ಯ ಆಕ್ಷೇಪಕ್ಕೆ ಬಂದೆವು. ಹಣದ ನಷ್ಟಕ್ಕಿಂತಲೂ ಹೆಸರಿನ ನಷ್ಟ ದೊಡ್ಡದು.

ಕೆ. ಎಸ್. ನಿಸಾರ್ ಅಹಮದರ ಗೀತೆಗಳಿಗೆ ಮೈಸೂರು ಅನಂತಸ್ವಾಮಿಯವರು ಸ್ವರ ಹಾಕಿದ ‘ನಿತ್ಯೋತ್ಸವ’ ೧೯೭೮ರಲ್ಲಿ ಹೊರಬಂದಾಗ ಕನ್ನಡ ಕವಿತೆ ಕ್ಯಾಸೆಟ್ಟಿನ ಮೂಲಕ ಮನೆಮನೆಗೆ ಹೋಗುವ ಕಾಲ ಆರಂಭವಾಯಿತು. ಧಾರವಾಡ, ಮೈಸೂರುಗಳಿಂದ ಮರಳುವ ಪ್ರತಿಯೊಬ್ಬ ಮುಂಬಯಿ ಕನ್ನಡಿಗನ ಚೀಲದಲ್ಲಿ ಎರಡು ಕ್ಯಾಸೆಟ್ಟು ಇದ್ದ ದಿನಗಳನ್ನು ನಮ್ಮಲ್ಲಿ ಅನೇಕರು ಕಂಡಿದ್ದಾರೆ. ಆ ಡಬ್ಬಿಯೊಳಗೊಂದು ಮಡಿಚಿದ ಕಾಗದ ಇರುತ್ತಿತ್ತು. ಕವಿ ಯಾರು, ಸ್ವರಸಂಯೋಜನೆ ಯಾರದು, ಹಾಡಿದವರು, ಪಕ್ಕವಾದ್ಯದವರು ಯಾರು ಎಂಬುದೆಲ್ಲ ಸಣ್ಣ ಅಕ್ಷರದಲ್ಲಿ ಅಚ್ಚಾಗಿರುತ್ತಿತ್ತು. ಇಂದು ಆ ಕಾಗದದ ಸ್ಥಾನದಲ್ಲಿ ಬೆರಳಗಲದ ಚಿತ್ರವೊಂದಿದೆ; ಗಾಯಕನ ಹೆಸರು ಕಾಣುತ್ತದೆ, ಕವಿಯ ಹೆಸರು ಹುಡುಕಿದರೂ ಅನೇಕ ವೇಳೆ ಸಿಕ್ಕದು. ಸಿಕ್ಕಿದರೂ ಒಬ್ಬನೇ ಕವಿ ರೋಮನ್ ಲಿಪಿಯ ನಾಲ್ಕು ಬಗೆಯ ಕಾಗುಣಿತದಲ್ಲಿ ನಾಲ್ವರಾಗಿ ಒಡೆದಿರುತ್ತಾನೆ.

ನಮ್ಮ ಪೂರ್ವಿಕರು ಈ ಅಪಾಯಕ್ಕೆ ಒಂದು ಉಪಾಯ ಕಂಡುಕೊಂಡಿದ್ದರು. ಬಸವಣ್ಣನವರ ವಚನವನ್ನು ಯಾರು ಹಾಡಿದರೂ ಕೂಡಲಸಂಗಮದೇವನ ಹೆಸರು ಬಂದೇ ಬರುತ್ತದೆ. ಪುರಂದರವಿಠಲ, ಕಾಗಿನೆಲೆಯಾದಿಕೇಶವ, ಶಿಶುನಾಳಾಧೀಶ ಇವೂ ಹಾಗೆಯೇ. ಓಲೆಗರಿ ಕಳೆದರೂ ಗಾಯಕನು ಮರೆತರೂ ಹಾಡಿನೊಳಗೇ ಕರ್ತೃವಿನ ಗುರುತು ಉಳಿಯುತ್ತಿತ್ತು. ಆಧುನಿಕ ಕವಿ ಅಂಕಿತವನ್ನು ಹಾಡಿನಿಂದ ಹೊರಕ್ಕೆ ತಂದು ಪುಸ್ತಕದ ಮುಖಪುಟದ ಮೇಲಿಟ್ಟ. ಅಂಬಿಕಾತನಯದತ್ತ ಎಂಬುದು ಗ್ರಂಥದ ಮೇಲಿನ ಹೆಸರೇ ಹೊರತು ಪಲ್ಲವಿಯೊಳಗಿನ ಮುದ್ರೆಯಲ್ಲ. ಮುಖಪುಟವನ್ನು ಕಿತ್ತು ಹಾಡನ್ನು ಮಾತ್ರ ಹರಿಯಬಿಟ್ಟಾಗ ದಾಸರ ಪದ ತನ್ನ ಕವಿಯೊಡನೆ ಬರುತ್ತದೆ, ಇಪ್ಪತ್ತನೆಯ ಶತಮಾನದ ಭಾವಗೀತೆ ಅನಾಥವಾಗಿ ಬರುತ್ತದೆ. ಕನ್ನಡ ಗೀತೆಯ ಚರಿತ್ರೆಯನ್ನು ಬರೆಯಹೊರಟವರು ಈ ವಿಪರ್ಯಾಸವನ್ನು ಗಮನಿಸಬೇಕು.

ಇದು ಕೇವಲ ಗೌರವದ ಪ್ರಶ್ನೆಯಲ್ಲ. ೨೦೧೨ರ ತಿದ್ದುಪಡಿಯಿಂದ ಗೀತಕಾರ, ಸ್ವರಸಂಯೋಜಕರಿಗೆ ರಾಯಲ್ಟಿಯಲ್ಲಿ ಸಮಪಾಲು ಪಡೆಯುವ ಹಕ್ಕು ದೊರೆತಿದೆ. ಅದನ್ನು ವಾರಸುದಾರರಿಗೆ ಇಲ್ಲವೆ ಹಕ್ಕುಗಳ ಸಂಘಕ್ಕೆ ಹೊರತು ಬೇರೆಯವರಿಗೆ ಬರೆದುಕೊಡಲು ಬಾರದು. ಬೇಂದ್ರೆಯವರು ೧೯೮೧ರಲ್ಲಿ ತೀರಿಕೊಂಡುದರಿಂದ ಅವರ ಕವಿತೆಗಳ ಮೇಲಿನ ಸ್ವಾಮ್ಯ ೨೦೪೧ರ ಅಂತ್ಯದವರೆಗೆ ನಿಲ್ಲುತ್ತದೆ. ಆದರೆ ಹಣ ಸೇರುವುದು ಹೆಸರಿಗೆ. ಬ್ಯಾಂಕಿನಲ್ಲಿ ಯಾರ ಖಾತೆಗೆಂದು ತಿಳಿಯದ ಜಮೆಯನ್ನು ಸಸ್ಪೆನ್ಸ್ ಖಾತೆಯಲ್ಲಿ ಇಡುತ್ತೇವೆ, ಗುರುತು ಸಿಕ್ಕುವ ತನಕ ತನಿಖೆ ಮಾಡುತ್ತೇವೆ. ಹಾಡಿನ ಲೋಕದಲ್ಲಿ ಕವಿಯ ಹೆಸರು ನಮೂದಾಗದಿದ್ದರೆ ಅವನ ಪಾಲನ್ನು ತನಿಖೆ ಮಾಡುವವರು ಯಾರು?

೪

ನಾನು ಚಂದಾ ಕಟ್ಟುತ್ತಿದ್ದ ಒಂದು ಸೇವೆಯಲ್ಲಿ ನನ್ನ ತಾಯಿಗಾಗಿ ಹಲವು ವರ್ಷ ಕೂಡಿಸಿದ್ದ ಗೀತೆಗಳ ಪಟ್ಟಿಯೊಂದಿತ್ತು. ಒಂದು ಸಂಜೆ ಅದರಲ್ಲಿ ಏಳು ಹಾಡುಗಳ ಹೆಸರು ಬೂದುಬಣ್ಣಕ್ಕೆ ತಿರುಗಿದ್ದುವು, ಒತ್ತಿದರೆ ಸದ್ದಿಲ್ಲ. “ಅದು ಯಾರು ಬರೆದದ್ದೋ, ನೋಡಿ ಬೇರೆ ಕಡೆ ಹುಡುಕಪ್ಪ” ಎಂದಳು ತಾಯಿ. ನೋಡಲು ಅಲ್ಲಿ ಕವಿಯ ಹೆಸರೇ ಇರಲಿಲ್ಲ. ವಿಜಯಾ ಬ್ಯಾಂಕು ೨೦೧೯ರಲ್ಲಿ, ಸಿಂಡಿಕೇಟ್ ಮತ್ತು ಕಾರ್ಪೊರೇಷನ್ ಬ್ಯಾಂಕುಗಳು ೨೦೨೦ರಲ್ಲಿ ಬೇರೆ ಬ್ಯಾಂಕುಗಳಲ್ಲಿ ವಿಲೀನವಾದಾಗ ನಮ್ಮ ಕರಾವಳಿಯ ಅನೇಕರು ಕಣ್ಣೀರಿಟ್ಟರು. ಆದರೆ ಠೇವಣಿದಾರನ ಹಣ ಅವನ ಹೆಸರಿನಲ್ಲಿಯೇ ಹೊಸ ಬ್ಯಾಂಕಿಗೆ ವರ್ಗವಾಯಿತು. ಸಂಗೀತ ಸೇವೆಯ ಚಂದಾದಾರ ಠೇವಣಿದಾರನಲ್ಲ, ಬಾಡಿಗೆದಾರ. ಅಂಗಡಿ ಮುಚ್ಚಿದ ದಿನ ಅವನ ಕೈಯಲ್ಲಿ ಉಳಿಯುವುದು ನೆನಪು ಮಾತ್ರ.

ಹಾಗೆಂದು ಈ ಸೇವೆಗಳನ್ನು ತೊರೆಯಬೇಕೆಂದು ನಾನು ಹೇಳುತ್ತಿಲ್ಲ. ದೂರದೂರಿನಲ್ಲಿ ನೆಲಸಿದ ಕನ್ನಡಿಗನಿಗೆ ಅವು ಮಾಡಿದ ಉಪಕಾರ ದೊಡ್ಡದು. ಊರಿಗೆ ಹೋಗಿಬರುವವರನ್ನು ಕಾಯದೆ ನಾವು ಇಂದು ಹಾಡು ಕೇಳುತ್ತಿದ್ದೇವೆ. ಆದರೆ ಬಾಗಿಲು ಕಾಯುವವನನ್ನು ಭಂಡಾರದ ರಕ್ಷಕನೆಂದು ಭ್ರಮಿಸಬಾರದು. ಹಾಡಿನ ವಿವರವನ್ನು ಕಾಪಾಡುವುದು ಅವರ ಲಾಭನಷ್ಟದ ಪಟ್ಟಿಯಲ್ಲಿ ಯಾವ ಕಲಮಿಗೂ ಸೇರುವುದಿಲ್ಲ.

ಆ ಕೆಲಸ ನಮ್ಮಂಥ ಸಂಘಗಳದು. ಪ್ರಕಟವಾದ ಮರುವರ್ಷದಿಂದ ಅರವತ್ತು ವರ್ಷ ಕಳೆದ ಧ್ವನಿಮುದ್ರಿಕೆಯ ಮೇಲೆ ಸ್ವಾಮ್ಯ ಉಳಿಯದು. ಗ್ರಾಮಫೋನಿನ ಕಾಲದ ಕನ್ನಡ ತಟ್ಟೆಗಳು ಪ್ರತಿವರ್ಷವೂ ಒಂದಿಷ್ಟು ಸಾರ್ವಜನಿಕ ಸೊತ್ತಾಗುತ್ತಿವೆ. ಅವುಗಳಲ್ಲಿ ಯಾವುದು ಎಂದಿನದು ಎಂದು ತಿಳಿಸುವ ಪಟ್ಟಿ ಇಲ್ಲದಿದ್ದರೆ ಆ ಸೊತ್ತು ಇದ್ದೂ ಇಲ್ಲದಂತೆ. ಸದಸ್ಯರ ಮನೆಗಳ ಅಟ್ಟದ ಮೇಲೆ ತಟ್ಟೆಗಳೂ ಕ್ಯಾಸೆಟ್ಟುಗಳೂ ಇನ್ನೂ ಇವೆ, ಒಳಗಿನ ಮಡಿಚಿದ ಕಾಗದಗಳೂ ಇವೆ. ಕವಿ, ಸ್ವರಸಂಯೋಜಕ, ಗಾಯಕ, ಸಂಸ್ಥೆ, ವರ್ಷ ಎಂಬ ಐದು ಕಲಮುಗಳ ಒಂದು ಸೂಚಿಯನ್ನು ಕನ್ನಡ ಲಿಪಿಯಲ್ಲಿ ಸಿದ್ಧಪಡಿಸುವುದಕ್ಕೆ ಬೇಕಾದುದು ಹಣಕ್ಕಿಂತ ಹೆಚ್ಚಾಗಿ ಶ್ರದ್ಧೆ. ನನ್ನ ಮನೆಯಲ್ಲಿರುವ ನಲವತ್ತೊಂದು ಕ್ಯಾಸೆಟ್ಟುಗಳ ವಿವರವನ್ನು ಬರೆದು ಮುಗಿಸಿದ್ದೇನೆ. ತಾಯಿಯ ಏಳು ಹಾಡುಗಳಲ್ಲಿ ಐದರ ಕವಿಗಳು ಅಲ್ಲಿಯೇ ಸಿಕ್ಕಿದರು. ಉಳಿದೆರಡರ ಕಾಗದ ಯಾರದಾದರೂ ಮನೆಯಲ್ಲಿ ಇದ್ದೀತು.